ನೀರು ಕಟ್ಟಲು ಹೋದವರ ಗಂಗಳ

ಕೆಲಸದ ಮೇಲೆ ಹೋಗಿಬರುತ್ತಿದ್ದ ಮನೆಯೊಂದರ ಸೊಸೆಯ ಫೋನ್ ಬಂದಾಗ ನಾನು ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದೆ. ತಿನ್ನುತ್ತಿದ್ದೆ ಅನ್ನುವುದಕ್ಕಿಂತ ಬಾಯಿಗೆ ಹಾಕಿಕೊಳ್ಳುತ್ತಿದ್ದೆ ಅನ್ನಬೇಕು. ಆ ದಿನಗಳಲ್ಲಿ ನನಗೆ ಉಪ್ಪು ಖಾರ ಗೊತ್ತಾಗುತ್ತಿರಲಿಲ್ಲ.

"ಅಕ್ಕ, ಅತ್ತೆಮ್ಮ ಉಣ್ಣದೇ ಬುಟ್ಬುಟ್ಟವ್ರೆ. ಬಾಯಿಗಿಟ್ರೆ ಉಗೀತಾವ್ರೆ. ನಂಗೇನೂ ತೋಚ್ತಿಲ್ಲ" ಎಂದಳು. ಅಳುತ್ತಿರಲಿಲ್ಲ. ಗ್ಯಾಸ್ ಮುಗಿದಿದೆ ಎಂದು ಹೇಳುವವರ ದನಿಯಲ್ಲಿ ಹೇಳಿದಳು. ನಾನೂ ಗ್ಯಾಸ್ ಬುಕ್ ಮಾಡುವವಳ ದನಿಯಲ್ಲೇ "ನಾಳೆ ಬರ್ತೀನಿ" ಎಂದು ಫೋನ್ ಇಟ್ಟೆ.

ನನ್ನ ಕೆಲಸ ಮರೆವಿನ ಕಾಯಿಲೆಯವರ ಮನೆಗಳಿಗೆ ಹೋಗುವುದು. ಡಾಕ್ಟರು ಡಿಮೆನ್ಷಿಯಾ ಎನ್ನುತ್ತಾರೆ, ಊರಿನವರು ಅರಳುಮರಳು ಎನ್ನುತ್ತಾರೆ. ರೋಗಿಗೆ ಔಷಧ ಬರೆಯುವುದು ಡಾಕ್ಟರ ಪಾಲು. ರೋಗಿಯ ಜೊತೆ ಬದುಕುವವರಿಗೆ ದಾರಿ ಹೇಳುವುದು ನನ್ನ ಪಾಲು: ಸ್ನಾನ ಮಾಡಿಸುವುದು ಹೇಗೆ, ಒಂದೇ ಪ್ರಶ್ನೆಯನ್ನು ನೂರು ಸಲ ಕೇಳಿದಾಗ ಹೊಡೆಯದೆ ಇರುವುದು ಹೇಗೆ, ಮನೆ ಬಿಟ್ಟು ಹೋಗದಂತೆ ಚಿಲಕ ಎಲ್ಲಿ ಹಾಕಿಸಬೇಕು. ಹಾಸನದಲ್ಲಿ ನಮ್ಮದೊಂದು ಸಣ್ಣ ಆಫೀಸು. ಅಲ್ಲಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಗೆಲ್ಲ ನಾವು ಇಬ್ಬರು ಓಡಾಡುತ್ತಿದ್ದೆವು. ಜೊತೆಯವಳು ಬೇರೆ ಕೆಲಸ ಹಿಡಿದು ಹೋದ ಮೇಲೆ ಎಲ್ಲವೂ ನನ್ನ ಮೇಲೆ ಬಿತ್ತು. ಮೊದಮೊದಲು ಪ್ರತಿ ಮನೆಯಿಂದ ಬಂದ ಮೇಲೂ ಬಸ್ಸಿನಲ್ಲಿ ಮುಖ ಆಚೆ ತಿರುಗಿಸಿ ಅಳುತ್ತಿದ್ದೆ. ಆಮೇಲೆ ಅದು ನಿಂತಿತು. ಚಕ್ಕಳಮಕ್ಕಳ ಹಾಕಿ ತುಂಬ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ನನಗೆ ಒಳಗೆ ಹಾಗಾಗಿತ್ತು. ಚಿವುಟಿದರೂ ಗೊತ್ತಾಗುವಂತಿರಲಿಲ್ಲ. ಕೆಲಸಕ್ಕೆ ಅದರಿಂದ ಅನುಕೂಲವೇ ಆಯಿತು ಎಂದು ಆಗ ಅಂದುಕೊಂಡಿದ್ದೆ.

ಈ ಅಜ್ಜಿಯ ಮನೆ ಹೊಳೆನರಸೀಪುರದ ಆಚೆ, ಹರದನಹಳ್ಳಿಯ ಕಡೆಯ ಒಂದು ಊರಲ್ಲಿ. ನಾಲೆ ಬಯಲಿನಲ್ಲಿ ಭತ್ತದ ಗದ್ದೆ, ಒಂದಿಷ್ಟು ಕಬ್ಬು. ಮನೆಯಲ್ಲಿ ಅಜ್ಜಿ, ಸರ್ಕಾರಿ ಬಸ್ಸಿನ ಡ್ರೈವರ್ ಆಗಿರುವ ಮಗ, ಸೊಸೆ. ಅಜ್ಜಿಯ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಆಗ ಬಳೆ ತೆಗೆಸಲು ಬಂದ ಹೆಂಗಸರನ್ನು ಈ ಸೊಸೆ "ನಮ್ಮತ್ತೆ ಕೈ ಮುಟ್ಬ್ಯಾಡಿ" ಎಂದು ಹಿಂದಕ್ಕೆ ಕಳಿಸಿದ್ದಳಂತೆ. ಹಾಗಾಗಿ ಅಜ್ಜಿಯ ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು.

ನಾನು ಮೊದಲ ಸಲ ಆ ಮನೆಗೆ ಹೋದಾಗ ಸಮಸ್ಯೆ ಊಟದ್ದಾಗಿರಲಿಲ್ಲ. ಅಜ್ಜಿ ದಿನಕ್ಕೆ ಹಲವು ಸಲ "ನಮ್ಮನೆಯವ್ರೆಲ್ಲಿ?" ಎಂದು ಕೇಳುತ್ತಿದ್ದರು. ಮಗ ಸುಳ್ಳು ಹೇಳುವ ಪೈಕಿ ಅಲ್ಲ. ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ತೋರಿಸಿ "ಅಪ್ಪ ಸತ್ತೋಗಿಲ್ವೇನವ್ವ" ಎನ್ನುತ್ತಿದ್ದ. ಅಜ್ಜಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ. ಎದೆ ಎದೆ ಬಡಿದುಕೊಂಡು, ಸೊಲ್ಲು ಎತ್ತಿ ಅತ್ತು, ಸುಸ್ತಾಗಿ ಮಲಗಿ, ಎದ್ದು ಮತ್ತೆ ಕೇಳುತ್ತಿದ್ದರು. ಒಂದೇ ಮನೆಯಲ್ಲಿ ಒಬ್ಬನೇ ಮನುಷ್ಯ ದಿನಕ್ಕೆ ನಾಲ್ಕು ಸಲ ಸಾಯುತ್ತಿದ್ದ.

ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನೇ ನಾನು ಹೇಳಿದೆ. ಸಾವಿನ ಸುದ್ದಿ ಮತ್ತೆ ಮತ್ತೆ ಕೊಡಬೇಡಿ. ಅವರು ಕೇಳುವುದು ಲೆಕ್ಕದ ಉತ್ತರವನ್ನಲ್ಲ, ಧೈರ್ಯವನ್ನು. ಯಜಮಾನರ ಬಗ್ಗೆಯೇ ಮಾತಾಡಿಸಿ, ಮೆಲ್ಲಗೆ ಬೇರೆ ಕಡೆಗೆ ತಿರುಗಿಸಿ. ಮಗ ತಲೆ ತಗ್ಗಿಸಿ ಕೇಳಿಸಿಕೊಂಡ. ದಾರಿ ಕಂಡುಹಿಡಿದವಳು ಸೊಸೆ. ಮಾರನೆಯ ದಿನ ಅಜ್ಜಿ ಕೇಳಿದಾಗ "ನಾಲೇಲಿ ನೀರು ಬುಟ್ಟವ್ರಲ್ಲ ಅತ್ತೆಮ್ಮ, ಮಾವ ಗದ್ದೆಗೆ ನೀರು ಕಟ್ಟಕ್ಕೆ ಓಗವ್ರೆ" ಎಂದಳು. ಅಜ್ಜಿ "ಔದಾ" ಎಂದು ಸುಮ್ಮನಾದರು. ಎದೆ ಬಡಿತ ಅಲ್ಲಿಗೆ ನಿಂತಿತು.

ನಾನು ಅದನ್ನು ಹಾಸನದಲ್ಲಿ ನಡೆಯುವ ನಮ್ಮ ಆರೈಕೆದಾರರ ಸಭೆಯಲ್ಲಿ ಉಳಿದ ಮನೆಯವರಿಗೆಲ್ಲ ಹೇಳಿದೆ. ಆ ಮನುಷ್ಯರ ಬದುಕಿನಿಂದಲೇ ಉತ್ತರ ತೆಗೆಯಬೇಕು, ನೋಡಿ ಈ ಹೆಣ್ಣುಮಗಳು ಎಷ್ಟು ಚೆನ್ನಾಗಿ ತೆಗೆದಳು, ಎಂದು ಬೆನ್ನು ತಟ್ಟಿದೆ. ಅವಳೂ ಹುರುಪಿನಿಂದ ಯಾವಾಗ ಕೇಳಿದರೂ ಅದನ್ನೇ ಹೇಳುತ್ತ ಬಂದಳು, ಬೆಳಿಗ್ಗೆಗೂ ಅದೇ, ಮಧ್ಯಾಹ್ನಕ್ಕೂ ಅದೇ.

ಈಗ ಊಟ ನಿಂತಿತ್ತು.

ಊಟ ನಿಂತರೆ ನಾವು ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಬಾಯಿ. ಫೋನಿನ ಟಾರ್ಚ್ ಹಾಕಿ ನೋಡಿದೆ. ಹುಣ್ಣಿಲ್ಲ, ವಸಡು ಬಾತಿಲ್ಲ, ಇರುವ ಹಲ್ಲು ಗಟ್ಟಿ. ಆಮೇಲೆ ಗಂಟಲು. ಒಂದು ಚಮಚ ನೀರು ಕೊಟ್ಟು, ಕತ್ತಿನ ಮೇಲೆ ಮೆಲ್ಲಗೆ ಬೆರಳಿಟ್ಟು ನುಂಗುವುದನ್ನು ಗಮನಿಸಿದೆ. ಕೆಮ್ಮಲಿಲ್ಲ, ನೀರು ಗಂಟಲಲ್ಲಿ ನಿಂತವರ ಹಾಗೆ ದನಿ ಗೊರಗೊರ ಎನ್ನಲಿಲ್ಲ. ಹೊಟ್ಟೆ ಕಟ್ಟಿದೆಯೇ ಎಂದು ಸೊಸೆಯನ್ನು ಕೇಳಿದೆ, ಇಲ್ಲ ಎಂದಳು. ಹಾಸನದ ಆಸ್ಪತ್ರೆಗೆ ಕರೆದೊಯ್ದು ರಕ್ತ, ಮೂತ್ರ ಪರೀಕ್ಷೆ ಮಾಡಿಸಿದೆವು, ಸೋಂಕಿಲ್ಲ. ಹಸಿವು ಕೆಡಿಸಬಹುದಾದ ಒಂದು ಮಾತ್ರೆಯನ್ನು ಡಾಕ್ಟರು ನಿಲ್ಲಿಸಿ ನೋಡಿದರು. ಏನೂ ಬದಲಾಗಲಿಲ್ಲ.

ಮರೆವು ಹೆಚ್ಚಾದವರಿಗೆ ಸ್ಟೀಲ್ ತಟ್ಟೆಯ ಹೊಳಪಿನಲ್ಲಿ ಅನ್ನ ಸರಿಯಾಗಿ ಕಾಣುವುದಿಲ್ಲ ಎಂದು ನೀಲಿ ಬಣ್ಣದ ತಟ್ಟೆ ತಂದುಕೊಟ್ಟೆ. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಇದ್ಯಾವ ನಾಯಿದವ್ವ?" ಎಂದು ಆಚೆ ತಳ್ಳಿದರು. ಮುದ್ದೆಯನ್ನು ಗೋಲಿಯಷ್ಟು ಸಣ್ಣದಾಗಿ ಕಟ್ಟಿ ಕೈಗೆ ಕೊಡುವುದು, ಬಸ್ಸಾರು ಬಿಟ್ಟು ಉಪ್ಸಾರು ಮಾಡುವುದು, ಅಂಬಲಿ ಕುಡಿಸುವುದು, ಎಲ್ಲ ಆಯಿತು. ಬಾಯಿ ಬಿಗಿಹಿಡಿದು ಕೂರುತ್ತಿದ್ದರು. ಬಲವಂತವಾಗಿ ಇಟ್ಟದ್ದು ಸೀರೆಯ ಮೇಲೆ ಬೀಳುತ್ತಿತ್ತು. ರವಿಕೆಯ ತೋಳು ಜೋಲುತ್ತಿತ್ತು, ಬಳೆ ಮೊಣಕೈವರೆಗೆ ಜಾರುತ್ತಿದ್ದವು.

ಡಾಕ್ಟರು ಒಳ್ಳೆಯವರು, ಸುತ್ತಿ ಬಳಸಿ ಮಾತಾಡುವವರಲ್ಲ. ಹೀಗೇ ಆದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ ಗಂಜಿ ಬಿಡಬೇಕಾಗುತ್ತದೆ ಎಂದರು. ಇಂಥವರು ನಳಿಕೆ ಕಿತ್ತುಹಾಕುತ್ತಾರೆ, ಕೀಳದ ಹಾಗೆ ಕೈಯನ್ನು ಮಂಚಕ್ಕೆ ಕಟ್ಟಬೇಕಾಗಬಹುದು ಎಂದೂ ಹೇಳಿದರು. ಮುಂದಿನ ವಾರ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ನೋಡೋಣ.

ಹೊರಗೆ ಬಂದು ಮಗ ಕೇಳಿದ: "ಬಳೆ ಬಿಚ್ಬೇಕಾ ಮೇಡಂ, ಕೈ ಕಟ್ಟೋಕೆ?"

ನನಗೆ ಆ ಪ್ರಶ್ನೆಯಿಂದ ಏನಾದರೂ ಆಗಬೇಕಿತ್ತು. ಆಗಲಿಲ್ಲ. "ಬಟ್ಟೆ ಸುತ್ತಿ ಕಟ್ತಾರೆ, ಬಿಚ್ಚೋದು ಬೇಡ ಅನ್ಸುತ್ತೆ" ಎಂದೆ. ಅವನು ತಲೆಯಾಡಿಸಿದ. ಇಬ್ಬರೂ ಆಟೋ ಕಾಯುತ್ತ ನಿಂತೆವು.

ಮಾರನೆಯ ದಿನ ನಾನು ಬೆಳಿಗ್ಗೆಯೇ ಅವರ ಮನೆಗೆ ಹೋದೆ. ಅಲ್ಲಿಯವರೆಗೆ ನಾನು ಊಟ ಮಾಡಿಸುವುದನ್ನು ನೋಡಿದ್ದೆನೇ ಹೊರತು ಊಟಕ್ಕೆ ಮುಂಚಿನದನ್ನು ನೋಡಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಂದು, ತುತ್ತು ಇಡುವುದನ್ನು ನೋಡಿ, ಇನ್ನೊಂದು ಮನೆಗೆ ಓಡುತ್ತಿದ್ದೆ. ಸೊಸೆಗೆ "ನಾನಿದ್ದೀನಿ ಅಂತ ಅಂದ್ಕೋಬೇಡ, ನಿನ್ನ ಕೆಲಸ ಮಾಡ್ಕೊ" ಎಂದು ನಡುಮನೆಯ ಮೂಲೆಯಲ್ಲಿ ಕೂತೆ.

ಸೊಸೆ ಮುದ್ದೆ ತೊಳಸುವ ಸದ್ದು ಕೇಳಿದ್ದೇ ಅಜ್ಜಿ ಎದ್ದರು. ಒಂದು ತಟ್ಟೆ ತೆಗೆದು ಸೆರಗಿನಿಂದ ಒರೆಸಿದರು. ಒಲೆಯ ಬಳಿ ಹೋಗಿ ಒಂದು ಮುದ್ದೆ ಹಾಕಿಸಿಕೊಂಡು ಬಂದು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ತಲೆಬಾಗಿಲಿಗೆ ಎದುರಾಗಿ ಇಟ್ಟು, ತಾವು ಕಂಬಕ್ಕೆ ಒರಗಿ ಕೂತರು. ಬಾಗಿಲ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಸೊಸೆಗೆ ಇದು ದಿನದ ನೋಟ. ಅರಳುಮರಳಿನ ಆಟ ಎಂದು ಬಿಟ್ಟಿದ್ದಳು. ಮುದ್ದೆ ಆರಿ ತೊಗಟೆ ಕಟ್ಟಿದ ಮೇಲೆ ಅವಳು ಬಂದು ಅದನ್ನು ತೆಗೆದು, ಬಿಸಿಯದನ್ನು ತಂದು ಬಾಯಿಗಿಡುತ್ತಿದ್ದಳು.

ಹತ್ತಿರ ಹೋಗಿ ಕೂತೆ. "ಅಜ್ಜಿ, ಉಣ್ಣಲ್ವಾ?"

"ಅವ್ರು ಬರ್ಲಿ ಕಣವ್ವ."

"ಎಲ್ಲಿಗೆ ಹೋಗಿದ್ದಾರೆ?"

"ನೀರು ಕಟ್ಟಕ್ಕೆ ಓಗವ್ರಂತೆ. ಹೊತ್ತಾಯ್ತದೆ. ನೀನು ಉಣ್ಣೋಗು ಮಗ, ನಿಂಗ್ಯಾಕೆ ಕಾಯೋ ಕರ್ಮ." ನನ್ನ ಬೆನ್ನು ಸವರಿದರು. ಅಂಗೈ ಒಣಗಿದ ಎಲೆಯ ಹಾಗಿತ್ತು.

ನಾನು ಸೊಸೆಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಗಂಡ ಉಣ್ಣದೆ ಈ ಹೆಂಗಸು ಒಂದು ದಿನವೂ ಉಂಡವರಲ್ಲ. ನೀರು ಕಟ್ಟಲು ಹೋದವರು ತಮ್ಮ ಸರದಿ ಬಂದು, ಗದ್ದೆ ತುಂಬಿ, ಬದುವಿನ ಮಡೆ ಮುಚ್ಚಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟುತ್ತಿತ್ತು. ಎಷ್ಟು ಹೊತ್ತಾದರೂ ಇವರು ಕಾಯುತ್ತಿದ್ದರು. ಜಾತ್ರೆಗೆ ಹೋಗಿದ್ದಾರೆ ಎಂದಿದ್ದರೆ ಬಹುಶಃ ಉಂಡುಬಿಡುತ್ತಿದ್ದರೋ ಏನೋ. ನಾವು ಆರಿಸಿ ಆರಿಸಿ, ಅವರು ಯಾವುದಕ್ಕೆ ಅತ್ಯಂತ ಹೆಚ್ಚು ಹೊತ್ತು ಕಾಯುತ್ತಿದ್ದರೋ ಅದನ್ನೇ ಹೇಳಿಕೊಟ್ಟಿದ್ದೆವು.

ಇಷ್ಟು ಗೊತ್ತಾದ ಮೇಲೆ ಸುಲಭ ಎಂದುಕೊಂಡೆ. "ಮಾವ ಬಂದು ಉಂಡ್ಕಂಡು ಓದ್ರು ಅಂತ ಹೇಳು" ಎಂದೆ. ಸೊಸೆ ಹೇಳಿದಳು. ಅಜ್ಜಿ ಸುತ್ತ ನೋಡಿ "ಎಲ್ಲಿ ಗಂಗಳ?" ಎಂದರು. ಸೊಸೆ ಚುರುಕು, ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆಗೆ ಸಾರು ಬಳಿದು, ಚೂರು ಮುದ್ದೆ ಉಳಿಸಿ ತಂದಿಟ್ಟಳು. ಅಜ್ಜಿ ಅದನ್ನು ನೋಡಿ, ಸೊಸೆಯನ್ನು ನೋಡಿ, "ಯಾರ್ದೋ ಎಂಜ್ಲ ನನ್ನ ಮುಂದೆ ತಂದಿಕ್ತೀಯಲ್ಲ" ಎಂದು ಮುಖ ತಿರುಗಿಸಿದರು. ಅವತ್ತು ನೀರೂ ಕುಡಿಯಲಿಲ್ಲ.

ಗಂಗಳ ಎಂದರೆ ಅವರ ಗಂಡ ಉಣ್ಣುತ್ತಿದ್ದ ಕಂಚಿನ ಅಗಲವಾದ ತಟ್ಟೆ. ಅವರು ಉಂಡು, ಒಂದು ಪಾಲು ಬಿಟ್ಟು ಏಳುತ್ತಿದ್ದರು. ಅದೇ ತಟ್ಟೆಗೆ ಇನ್ನಷ್ಟು ಹಾಕಿಕೊಂಡು ಅಜ್ಜಿ ಉಣ್ಣುತ್ತಿದ್ದರು. ಇದನ್ನು ಮಗ ಹೇಳಿದ, ಸಂಜೆ ಡ್ಯೂಟಿ ಮುಗಿಸಿ ಬಂದ ಮೇಲೆ. ಅವನಿಗೆ ಅದು ಹೇಳಬೇಕಾದ ವಿಷಯ ಎಂದು ಅನ್ನಿಸಿಯೇ ಇರಲಿಲ್ಲ; ನಾನು ಕೇಳಿಯೂ ಇರಲಿಲ್ಲ. ಗಂಗಳ ಈಗ ಅಟ್ಟದ ಮೇಲಿತ್ತು. ಪಿತೃಪಕ್ಷದ ಅಮಾವಾಸ್ಯೆಗೆ ಮಾತ್ರ ಇಳಿಸಿ, ತೊಳೆದು, ಸತ್ತವರಿಗೆ ಎಡೆ ಇಡುತ್ತಿದ್ದರು. ಉಳಿದಂತೆ ಯಾರೂ ಮುಟ್ಟುವ ಹಾಗಿರಲಿಲ್ಲ.

ನಾನು ಏನು ಹೇಳಲಿದ್ದೇನೆ ಎಂಬುದು ಅವನಿಗೆ ನನಗಿಂತ ಮೊದಲೇ ಹೊಳೆದಿರಬೇಕು. ಬಾಗಿಲ ಹೊಸ್ತಿಲ ಮೇಲೆ ಹೋಗಿ ಕೂತ.

ಅವತ್ತು ಮನೆಯಲ್ಲಿ ಅಜ್ಜಿಯ ನಾದಿನಿ ಇದ್ದರು, ಶಾಂತಿಗ್ರಾಮಕ್ಕೆ ಕೊಟ್ಟ ಹೆಣ್ಣುಮಗಳು. ಅತ್ತಿಗೆಯನ್ನು ನೋಡಿಹೋಗಲು ಬಂದಿದ್ದರು. ಅವರು ಮಾತ್ರ ಸುಮ್ಮನಿರಲಿಲ್ಲ. "ನಮ್ಮಣ್ಣನ ಎಡೆ ಗಂಗಳದಲ್ಲಿ ಬದುಕಿರೋ ಮಗ ಉಣ್ಣದಾ? ಅದೂ ಎಂಜ್ಲ ಮಾಡಿ ಎತ್ತಮ್ಮಂಗೆ ಉಣ್ಸದಾ? ಎಲ್ಲಾರ ಉಂಟಾ ಅವ್ವ? ನೀವು ಓದಿರೋರು, ನಿಮಗೆ ಗೊತ್ತಾಗಕಿಲ್ವಾ?" ಎಂದು ನನ್ನನ್ನೇ ಹಿಡಿದುಕೊಂಡರು. ಅವರ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ತರಬೇತಿಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ತಾಯಿಗೆ ಎಂಜಲು ಉಣಿಸು ಎಂದು ಮಗನಿಗೆ ಹೇಳುವುದು ನನ್ನ ಬಾಯಿಂದಲೂ ಬರುತ್ತಿರಲಿಲ್ಲ.

ನಾನು ಮಗನಿಗೆ ಗೊತ್ತಿದ್ದಷ್ಟನ್ನು ಹೇಳಿದೆ. ವೇಷ ಹಾಕುವುದು ಬೇಡ, ಅಪ್ಪನ ಟವೆಲ್ ಹೊದೆಯುವುದು ಬೇಡ, ಅವರ ಹಾಗೆ ಮಾತಾಡುವುದೂ ಬೇಡ. ಗಂಗಳದಲ್ಲಿ ಉಂಡು ಎದ್ದರೆ ಸಾಕು. ಆದರೆ ಅವ್ವ ನಿಮ್ಮನ್ನು ನಿಮ್ಮಪ್ಪ ಅಂದುಕೊಳ್ಳಬಹುದು. ಅಂದುಕೊಂಡರೆ ನೀವು ತಿದ್ದುವ ಹಾಗಿಲ್ಲ. ಹಾಗೆ ಅಂದುಕೊಂಡವರು ಮತ್ತೆ ನಿಮ್ಮನ್ನು ಮಗ ಅಂತ ಗುರುತು ಹಿಡಿಯುತ್ತಾರೆ ಅಂತ ನಾನು ಮಾತು ಕೊಡಲಾರೆ.

"ಈಗ ಒಂದೊಂದು ಸಲ ಗುರ್ತು ಇಡೀತಾಳೆ" ಎಂದ ಅವನು. "ಬೆಳಿಗ್ಗೆ ಒತ್ತು. ಡ್ಯೂಟಿಗೆ ಓಯ್ತಿಯೇನ್ಲಾ ಅಂತಾಳೆ."

"ಅದೂ ಹೋಗಬಹುದು."

"ಉಣ್ತಾಳಾ?"

"ಗೊತ್ತಿಲ್ಲ."

ಅಜ್ಜಿ ಒಳಗಿನಿಂದ, ನಾಲೆ ನೀರು ಎಲ್ಲಿವರೆಗೂ ಬಂತು ಎಂದು ಯಾರನ್ನೋ ಕೇಳಿದರು. ಅವನು ಎದ್ದು ಏಣಿ ತಂದು ಅಟ್ಟಕ್ಕೆ ಹಾಕಿದ. "ಕೈ ಕಟ್ಸಕ್ಕಿಂತ ಇದೇ ವಾಸಿ ಬುಡಿ" ಎಂದ, ಯಾರ ಮುಖವನ್ನೂ ನೋಡದೆ.

"ಅಂಗಾರೆ ಅಮಾಸೆಗೆ ಎಡೆ ಯಾತ್ರಲ್ಲಿ ಇಕ್ತೀಯಾ?" ಎಂದರು ನಾದಿನಿ.

"ಬಾಳೆಲೇಲಿ ಇಕ್ಕುಮಾ" ಎಂದಳು ಸೊಸೆ. "ಮಾವ ಏನಂದ್ಕಂಡಾರು? ಅತ್ತೆಮ್ಮ ಉಪಾಸ ಇದ್ರೆ ಅವ್ರಿಗೆ ಗಂಟಲಲ್ಲಿ ಇಳಿದಾತಾ?"

ಅವನು ಇಳಿಸಿಕೊಟ್ಟ ಗಂಗಳವನ್ನು ನಾದಿನಿ ಕಸಿದುಕೊಂಡವರ ಹಾಗೆ ತೆಗೆದುಕೊಂಡು ಬಚ್ಚಲಿಗೆ ಹೋದರು. ಹುಣಸೆಹಣ್ಣು ಹಚ್ಚಿ ತಿಕ್ಕುವ ಸದ್ದು ಬಹಳ ಹೊತ್ತು ಬರುತ್ತಿತ್ತು.

ಮಾರನೆಯ ದಿನ ಅವನು ಡಿಪೋದಲ್ಲಿ ಕೇಳಿಕೊಂಡು ಮಧ್ಯಾಹ್ನದ ಮೇಲಿನ ಪಾಳಿಗೆ ಬದಲಾಯಿಸಿಕೊಂಡ. ಊಟದ ಹೊತ್ತಿಗೆ ಗದ್ದೆಯ ಕಡೆಯಿಂದಲೇ ನಡೆದು ಬಂದ. ಅದು ನಾನು ಹೇಳಿದ್ದಲ್ಲ, ಕಾಲಲ್ಲಿ ಕೆಸರಿತ್ತು. ಅಜ್ಜಿ ಕಂಬದ ಬಳಿ ಕೂತಿದ್ದರು. ಅವನು ಕಾಲು ತೊಳೆದು ಒಳಗೆ ಬಂದು, ಗಂಗಳದ ಮುಂದೆ ಕೂತ. ಅಜ್ಜಿ ನೋಡಿದರು. ಗಂಗಳ ನೋಡಿದರೋ ಅವನನ್ನು ನೋಡಿದರೋ ನನಗೆ ತಿಳಿಯಲಿಲ್ಲ. ನಿಧಾನವಾಗಿ ಎದ್ದು, ಸೆರಗು ತಲೆ ಮೇಲೆ ಎಳೆದುಕೊಂಡು, ಸೊಸೆಯ ಕೈಯಿಂದ ಸಾರಿನ ಪಾತ್ರೆ ಇಸಿದುಕೊಂಡರು.

"ನೀರು ಆಯ್ತಾ?" ಎಂದು ಕೇಳಿದರು.

ಅವನ ಕೈ ಮುದ್ದೆಯ ಮೇಲೇ ನಿಂತಿತು. "ಆಯ್ತು" ಎಂದ. ತಾಯಿ ಮುಂದೆ ತಲೆ ಬಗ್ಗಿಸಿ, ಮುರಿದು, ಅದ್ದಿ, ನುಂಗಿದ. ಅರ್ಧ ಮುದ್ದೆ ಉಳಿಸಿ ಎದ್ದು ಹಿತ್ತಲಿಗೆ ಹೋದ. ಅಜ್ಜಿ ಅದೇ ಜಾಗದಲ್ಲಿ ಕೂತು, ಗಂಗಳ ಎಳೆದುಕೊಂಡು, ಇನ್ನಷ್ಟು ಸಾರು ಬಿಟ್ಟುಕೊಂಡು ಉಣ್ಣತೊಡಗಿದರು. ಯಾರೂ ಹೇಳಲಿಲ್ಲ, ಯಾರೂ ತುತ್ತು ಇಡಲಿಲ್ಲ. ಸೊಸೆ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತಳು. ನಾದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಎಷ್ಟು ತುತ್ತು ಹೋಯಿತು, ಕೆಮ್ಮು ಬಂತೇ ಎಂದು ನೋಡುತ್ತಿದ್ದೆ. ನನಗೆ ಸಂತೋಷವೂ ಆಗಲಿಲ್ಲ.

ಕೊನೆಗೆ ಒಂದು ಹಿಡಿ ಉಳಿಯಿತು. ಅಜ್ಜಿ ಅದನ್ನು ಉಂಡೆ ಮಾಡಿ ಗಂಗಳದ ಅಂಚಿಗೆ ಸರಿಸಿದರು. ಅಷ್ಟರಲ್ಲಿ ಮಗ ಕೈ ಒರೆಸಿಕೊಳ್ಳುತ್ತ ಬಂದಿದ್ದ. ಇನ್ನೂ ಒಂದು ತುತ್ತು ತಾಯಿಗೆ ಉಣಿಸೋಣ ಎಂದೇನೋ, ಬಗ್ಗಿ ಆ ಉಂಡೆಗೆ ಕೈ ಹಾಕಿದ. ಅಜ್ಜಿ ಅವನ ಕೈಯನ್ನು ಮೆಲ್ಲಗೆ ತಳ್ಳಿದರು.

"ನಿಮ್ದಾಯ್ತಲ್ಲ. ಅದು ಮಗೀಗೆ. ಇಸ್ಕೂಲಿಂದ ಅಸ್ಕಂಡು ಬತ್ತದೆ."

ಅವನು ಬಗ್ಗಿದವನು ಹಾಗೇ ಇದ್ದ. ಆಮೇಲೆ ನೇರ ನಿಂತು, ಗೋಡೆಯ ಮೊಳೆಯಲ್ಲಿದ್ದ ಖಾಕಿ ಅಂಗಿ ಹಾಕಿಕೊಂಡು, ಗುಂಡಿಗಳನ್ನೆಲ್ಲ ಒಂದೊಂದಾಗಿ ಹಾಕಿದ. "ಬತ್ತೀನಿ" ಎಂದು ಹೊರಟ. ಅಜ್ಜಿ ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಬಂದರು, ಗಂಡನನ್ನು ಕಳಿಸಿಕೊಡುವ ಹಾಗೆ.

ದಿನವೂ ಇದೇ ನಡೆಯಿತು. ಮಧ್ಯಾಹ್ನ ಒಂದು ಸಲ ಗಂಗಳದಲ್ಲಿ ಉಂಡರೆ ಅಜ್ಜಿಯ ಮನಸ್ಸು ನೆಮ್ಮದಿಯಾಗುತ್ತಿತ್ತು. ರಾತ್ರಿ ಸೊಸೆ ಕೊಟ್ಟ ಹಾಲು ಅನ್ನಕ್ಕೆ ತಕರಾರು ಮಾಡುತ್ತಿರಲಿಲ್ಲ. ನಳಿಕೆ ಈಗ ಬೇಡ ಎಂದು ಡಾಕ್ಟರು ಹೇಳಿದರು. ಬೆಳಿಗ್ಗೆ ಹೊತ್ತು "ಡ್ಯೂಟಿಗೆ ಓಯ್ತಿಯೇನ್ಲಾ" ಎನ್ನುವುದು ನಿಂತುಹೋಯಿತು. ಅವನನ್ನು ಕಂಡರೆ ಸೆರಗು ತಲೆಗೇರುತ್ತಿತ್ತು. ಹೀಗಾಗಬಹುದು ಎಂದು ನಾನೇ ಹೇಳಿದ್ದೆ; ಸೊಸೆ ಅದನ್ನು ಫೋನಿನಲ್ಲಿ ಹೇಳಿದಾಗ "ತೂಕ ನೋಡ್ತಿರಿ" ಎಂದುಬಿಟ್ಟೆ.

ಕೆಲವು ವಾರಗಳ ಮೇಲೆ ಹೊಳೆನರಸೀಪುರದಲ್ಲಿ ಅರಕಲಗೂಡಿನ ಬಸ್ಸು ಹತ್ತಿದೆ. ಡ್ರೈವರ್ ಸೀಟಿನಲ್ಲಿ ಅವನಿದ್ದ. ಕನ್ನಡಿಯಲ್ಲಿ ನೋಡಿ ತಲೆಯಾಡಿಸಿದ. ಅರಕಲಗೂಡಿನಲ್ಲಿ ಜನ ಇಳಿದ ಮೇಲೆ ನಾನು ಹಿಂದಿನಿಂದ ಎದ್ದು ಬರುವಷ್ಟರಲ್ಲಿ ಅವನು ಸೀಟಿನ ಕೆಳಗಿನಿಂದ ಒಂದು ಸಣ್ಣ ಡಬ್ಬಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಒಳಗೆ ಒಂದು ಹಿಡಿ ಮುದ್ದೆ, ಒಣಗಿ ಬೆರಳಿನ ಗುರುತು ಹಾಗೇ ಕೂತಿತ್ತು.

"ಎತ್ತಿಟ್ಟಿದ್ದು ಮೇಡಂ" ಎಂದ. "ಇವ್ಳು ದಿನಾ ಕಟ್ಕೊಡ್ತಾಳೆ. ಸಂಜೆ ಅವ್ವ ಕೇಳ್ತಾಳಂತೆ, ಮಗ ಉಂಡ್ನಾ ಅಂತ."

ಸಾರಿಲ್ಲದೆ, ಮುರಿದು ಮುರಿದು ತಿಂದ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಅದು ಗಟ್ಟಿಯಾಗಿದ್ದರಿಂದ ಅಗಿದ. ಬಾಟಲಿಯ ನೀರಿನಲ್ಲಿ ಡಬ್ಬಿ ತೊಳೆದು, ಆ ನೀರನ್ನೂ ಕುಡಿದ. ನಾನು ಇಳಿಯುವುದನ್ನು ಮರೆತು ಮುಂದಿನ ಸೀಟಿನ ಕಂಬಿ ಹಿಡಿದು ನಿಂತಿದ್ದೆ. ಬಹಳ ದಿನಗಳ ಮೇಲೆ, ಜೋಮು ಬಿಡುವ ಕಾಲಿನ ಹಾಗೆ ನನಗೆ ಒಳಗೆ ಚುರುಗುಟ್ಟಿದಂತಾಯಿತು. ಅಳುವೋ ಹಸಿವೋ ಗೊತ್ತಾಗಲಿಲ್ಲ, ಆದರೆ ಆಯಿತು.

ಸಂಜೆ ವಾಪಸ್ ಹಾಸನಕ್ಕೆ ಬರುತ್ತಿರುವಾಗ ಸೊಸೆಗೆ ಫೋನ್ ಮಾಡಿದೆ. "ಇರಿ ಅಕ್ಕ, ಅತ್ತೆಮ್ಮ ಇಲ್ಲೇ ಅವ್ರೆ, ಕೇಳ್ತಾನೇ ಅವ್ರೆ, ನೀವೇ ಏಳಿ" ಎಂದು ಫೋನನ್ನು ಅಜ್ಜಿಯ ಕಿವಿಗೆ ಹಿಡಿದಳು. ಬಳೆ ಸದ್ದು ಕೇಳಿಸಿತು.

"ಮಗ ಉಂಡ್ನಾ?"

"ಉಂಡ ಕಣಜ್ಜಿ" ಎಂದೆ. "ಪೂರ್ತಿ ಉಂಡ. ನಾನೇ ಕಣ್ಣಾರೆ ನೋಡ್ದೆ."